ಗುಳ್ಳೆ ನೋಡಲು ಹೊರಟ ಅತ್ತೆ

ಗೆಳೆಯರೇ, ಇವತ್ತು ಪೆರಾಬೆಯ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಸಮುದ್ರಕ್ಕೂ ಗುಡ್ಡಕ್ಕೂ ಜಗಳ ಹತ್ತಿತು. ಮುಂದಿನ ವಾರ ಮುರುಡೇಶ್ವರಕ್ಕೆ ಹೊರಟಿದ್ದೇವೆ. ಬೆಳಗ್ಗೆ ನೇತ್ರಾಣಿ ದ್ವೀಪದ ಬಳಿ ನನ್ನ ಸ್ಕೂಬಾ ಡೈವಿಂಗ್, ಮಧ್ಯಾಹ್ನದ ಮೇಲೆ ಎಲ್ಲರೂ ಕೊಡಚಾದ್ರಿಗೆ ಎಂದು ಗಂಡ ಜೀಪಿಗೂ ಹೇಳಿಯಾಗಿತ್ತು.

"ನೀರಿನ ಆಳಕ್ಕೆ ಹೋಗಿ ಬಂದವರು ಅದೇ ದಿನ ಅಷ್ಟು ಎತ್ತರಕ್ಕೆ ಹೋಗಬಾರದು, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಮೈಗೆ ಅಪಾಯ," ಎಂದೆ.

"ನೀನು ಮುಳುಗುದಕ್ಕೆ ನಾವು ಗುಡ್ಡ ಬಿಡುದಾ? ಹಾಗಾದರೆ ಡೈವಿಂಗೇ ಬೇಡ ಮಾರಾಯ್ತಿ," ಎಂದರು ಗಂಡ.

ತರಬೇತಿ ಮುಗಿಸಿದ ಮೇಲೆ ಇದು ನನ್ನ ಮೊದಲ ಡೈವಿಂಗ್. ಊಟ ಬಿಟ್ಟು ಏಳುವಷ್ಟು ಸಿಟ್ಟು ಬಂತು.

ಮಜ್ಜಿಗೆ ಬಡಿಸುತ್ತಿದ್ದ ಅತ್ತೆ, "ಮೊದಲು ಗುಡ್ಡಕ್ಕೆ ಹೋಗುದು, ಮರುದಿನ ಸಮುದ್ರಕ್ಕೆ. ಅದಕ್ಕೆ ಇಷ್ಟು ಗಲಾಟೆ ಎಂತಕ್ಕೆ?" ಎಂದರು.

ಜಗಳ ಅಲ್ಲಿಗೇ ನಿಂತಿತು. ಗಂಡ ಜೀಪಿನವರಿಗೆ ಫೋನ್ ಮಾಡಲು ಎದ್ದರು. ಅತ್ತೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು, "ನೀನು ಅಡಿಯಲ್ಲಿ ಸರಿ ಇದ್ದಿ ಅಂತ ಮೇಲಿದ್ದವರಿಗೆ ಹೇಗೆ ಗೊತ್ತಾಗುದು?"

"ಉಸಿರಿನ ಗುಳ್ಳೆ ಮೇಲೆ ಬರ್ತಾ ಇರ್ತದೆ ಅತ್ತೆ."

"ಹಾಗಾದರೆ ನಾನೂ ಬೋಟಿಗೆ ಬರ್ತೇನೆ. ಗುಳ್ಳೆ ನೋಡ್ಲಿಕ್ಕೆ ಮನೆಯವರು ಒಬ್ಬರು ಬೇಕಲ್ಲ."

ಅತ್ತೆಗೆ ಈಜು ಬರುವುದಿಲ್ಲ. ಸುಬ್ರಹ್ಮಣ್ಯದ ಬಸ್ಸು ಹತ್ತಿದರೆ ಪಕ್ಕದ ಕಡಬ ದಾಟುವ ಮೊದಲೇ ವಾಂತಿ ಮಾಡುವವರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಸಂಜೆ ಪುತ್ತೂರಿಗೆ ಹೋಗಿ ವಾಂತಿಯ ಮಾತ್ರೆ ತಂದೆ. ಸಮುದ್ರದ ಆಳಕ್ಕೆ ಇಳಿಯುವವಳ ಬಗ್ಗೆ ಈಗ ಮನೆಯಲ್ಲಿ ಯಾರಿಗೂ ಚಿಂತೆಯಿಲ್ಲ. ಎಲ್ಲರ ಚಿಂತೆಯೂ ಬೋಟಿನಲ್ಲಿ ಸುಮ್ಮನೆ ಕೂರುವವರದ್ದೇ.