ಬ್ಯಾಡಗಿಯಲ್ಲಿ ಒಂದು ಒಂಟಿ ಸೀನು

ನನ್ನ ತಮ್ಮನ ಮಗಳು ಹಾವೇರಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಾಳೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಬೆಳೆಸಿದವಳು ನಾನು. ನಾನು ಮದುವೆಯಾಗಲಿಲ್ಲ, ರಾಣೆಬೆನ್ನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿ, ಈಗ ಬ್ಯಾಡಗಿಯಲ್ಲಿ ತಮ್ಮನ ಮನೆಯಲ್ಲಿದ್ದೇನೆ. ವಸತಿ ಶಾಲೆಯಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವಳು. ಹೀಗಾಗಿ ಈ ಮನೆಯಲ್ಲಿ ಯಾವ ಕೆಲಸ ಯಾವ ಹೊತ್ತಿಗೆ ಎಂಬುದನ್ನು ನಾನೇ ಗೊತ್ತು ಮಾಡುತ್ತೇನೆ. ತಮ್ಮ ಮೆಣಸಿನಕಾಯಿ ವ್ಯಾಪಾರಿ. ಹಂಗಾಮಿನಲ್ಲಿ ಅವನ ಅಂಗಡಿ ತುಂಬಿದರೆ ಚೀಲಗಳು ನಮ್ಮ ಪಡಸಾಲೆಗೆ ಬರುತ್ತವೆ.

ಹೋದ ವರ್ಷ ಸರಿಯಾಗಿ ಹಂಗಾಮಿನಲ್ಲೇ ಮೈಸೂರಿನವರು ನಮ್ಮ ಹುಡುಗಿಯನ್ನು ನೋಡಲು ಬಂದರು. ನೋಡುವುದು ಹೆಸರಿಗೆ ಮಾತ್ರ. ಹುಡುಗ ಅವಳದೇ ಕಾಲೇಜಿನಲ್ಲಿ ಗಣಿತ ಕಲಿಸುವವನು. ಇಬ್ಬರೂ ಯಾವಾಗಲೋ ಒಪ್ಪಿಯಾಗಿತ್ತು. ಇನ್ನು ಒಪ್ಪಬೇಕಾಗಿದ್ದವರು ಹುಡುಗನ ತಾಯಿ. ಅವರು ಶಕುನ ನೋಡುವವರು. ಹಿಂದೊಮ್ಮೆ ಮಗನಿಗೆ ಹೆಣ್ಣು ನೋಡಲು ಹೊರಟಾಗ ಬೆಕ್ಕು ಅಡ್ಡ ಬಂತೆಂದು ಕಾರು ತಿರುಗಿಸಿಕೊಂಡು ಹೋಗಿ, ಮನೆಯಲ್ಲಿ ಉಪ್ಪಿಟ್ಟು ಮಾಡಿ ತಿಂದಿದ್ದರಂತೆ. ಆ ಸಂಬಂಧ ಉಪ್ಪಿಟ್ಟಿನೊಂದಿಗೆ ಮುಗಿಯಿತು.

“ಅತ್ತಿ, ಇವರು ಬ್ಯಾಡ ಅಂದು ಹೋದ್ರ ನಾ ಬ್ಯಾರೆ ಯಾರನ್ನೂ ಒಪ್ಪಂಗಿಲ್ಲ ನೋಡು,” ಎಂದಳು ಹುಡುಗಿ.

“ಬ್ಯಾಡ ಯಾಕಂತಾರ? ಓಣ್ಯಾಗಿನ ಬೆಕ್ಕು ನಾ ನೋಡ್ಕೋತೀನಿ,” ಎಂದೆ.

ನೋಡಿಕೊಂಡೆ. ಅದಕ್ಕೆ ಹಾಲು ತೋರಿಸಿ ಹಿತ್ತಲ ಕೋಣೆಗೆ ಕರೆದೊಯ್ದು ಕದ ಹಾಕಿದೆ. ಚೀಲಗಳನ್ನು ಬೆಳಗಾಗುವುದರೊಳಗೆ ಅಂಗಡಿಗೆ ಸಾಗಿಸಿದೆವು. ಪಡಸಾಲೆ ಗುಡಿಸಿ, ಒರೆಸಿ, ಊದಿನಕಡ್ಡಿ ಹಚ್ಚಿದೆ. ಮಾರ್ಕೆಟ್ಟಿನ ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ಕೊನೆಗೆ ತಮ್ಮನನ್ನು ನಡುವೆ ನಿಲ್ಲಿಸಿ ಉಸಿರೆಳೆದುಕೋ ಎಂದೆ.

“ಏನರ ವಾಸನಿ ಬರ್ತೈತೇನು?”

“ಊದಿನಕಡ್ಡೀದು ಅಷ್ಟ, ಅಕ್ಕಾ.”

ನನಗೂ ಅಷ್ಟೇ ಬಂತು. ಮನಸ್ಸು ನಿರಾಳವಾಯಿತು.

ಹುಡುಗನ ತಾಯಿ ಬಲಗಾಲಿಟ್ಟು ಒಳಗೆ ಬಂದರು. ಹಿಂದೆಯೇ ತಂದೆ, ಅವರ ಹಿಂದೆ ಹುಡುಗ. ತಾಯಿ ಒಮ್ಮೆ ಉಸಿರೆಳೆದುಕೊಂಡರು, ಅಷ್ಟೇ. ಸೀನಿದರು, ಮತ್ತೆ ಸೀನಿದರು, ಕಣ್ಣೊರೆಸಿಕೊಂಡು ಇನ್ನೂ ಸೀನಿದರು. ತಂದೆ ಅವರ ಜೊತೆಗೂಡಿದರು. ಹುಡುಗ ಮಾತ್ರ ಸುಮ್ಮನೆ ನಿಂತಿದ್ದ. ಹಾವೇರಿಯಲ್ಲಿದ್ದು, ವಾರಕ್ಕೊಮ್ಮೆ ಏನಾದರೊಂದು ನೆಪದಲ್ಲಿ ಬ್ಯಾಡಗಿಗೆ ಬಂದು ಪಳಗಿದ್ದ.

“ಮನೇಲಿ ಏನಾದ್ರೂ ಸುಡ್ತಿದೀರಾ?” ತಾಯಿ ಕೇಳಿದರು.

“ಇಲ್ರಿ, ಊದಿನಕಡ್ಡಿ ಹಚ್ಚೇವ್ರಿ,” ಎಂದ ತಮ್ಮ, ನಿಜವಾಗಿಯೂ ತಿಳಿಯದೆ.

“ಸೀನಿನಿಂದ ಏನರ ದೋಷ ಆತೇನ್ರಿ?” ಎಂದು ನಾನು ಕೇಳಿಯೇಬಿಟ್ಟೆ. ಗೊತ್ತಿದ್ದರೆ ಮುಂದಿನ ಏರ್ಪಾಡು ಮಾಡಬಹುದು.

“ಸಾಲಾಗಿ ಬಂದಿದ್ದಕ್ಕೆ ದೋಷ ಇಲ್ಲ. ಜೋಡಿಯಾಗಿ ಬಂದ್ರೆ ಒಳ್ಳೇದೇ. ಮಾತು ತೆಗೆಯೋ ಹೊತ್ತಿಗೆ ಒಂಟಿ ಸೀನು ಬರಬಾರದು,” ಎಂದು ಕರವಸ್ತ್ರದೊಳಗಿನಿಂದಲೇ ಹೇಳಿದರು.

ಹುಡುಗಿ ನನ್ನನ್ನು ಅಡುಗೆಮನೆಗೆ ಕರೆದಳು.

“ಅತ್ತಿ, ಮನಿ ತುಂಬ ಮೆಣಸಿನಕಾಯಿ ಘಾಟ ಐತಿ.”

“ಖರೇನ? ನನಗೇನೂ ಬರವಲ್ದು.”

“ನನಗೂ ಬರವಲ್ದು, ಅದಕ್ಕ ಹೇಳಾಕತ್ತೇನಿ. ಬದಲಾಗದ ಸುದ್ದಿನ ಮಿದುಳು ಕೇಳಂಗಿಲ್ಲ. ನಿನ್ನ ಮೂಗಿನ ಮ್ಯಾಲ ಚಸ್ಮಾ ಕುಂತದ್ದು ನಿನಗ ಗೊತ್ತಾಗತೈತೇನು?”

ಅವಳು ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿಂದ ಸಂಜೆಯವರೆಗೆ ಅದು ಮೂಗನ್ನು ಒತ್ತುತ್ತಲೇ ಇತ್ತು.

“ಅವರ ಮೂಗಿಗೆ ಇದು ಹೊಸಾ ಸುದ್ದಿ. ಸ್ವಲ್ಪ ಹೊತ್ತು ಕುಂದ್ರಿಸಿದ್ರ ಅದೂ ಸುಮ್ಮನಾಗತೈತಿ. ಅಲ್ಲೀತನಕ ಮಾತು ತೆಗೀಬ್ಯಾಡ.”

“ನಿಮ್ಮ ಪುಸ್ತಕದಾಗ ಬ್ಯಾಡಗಿದೂ ಬರದಾರೇನು?”

“ಇಲ್ಲ. ಬರದವರು ಬ್ಯಾಡಗಿಗೆ ಬಂದಿರಲಿಕ್ಕಿಲ್ಲ.”

ಮೊದಲು ಮಾತು, ಆಮೇಲೆ ತಿಂಡಿ ಎಂಬುದು ನನ್ನ ಏರ್ಪಾಡು. ಅದನ್ನು ಹಿಂದುಮುಂದು ಮಾಡಿದೆ. ನನಗೆ ಇಂಥದ್ದು ಸುಲಭವಲ್ಲ, ಆದರೂ ಮಾಡಿದೆ. ದೋಸೆ, ಕೆಂಪು ಚಟ್ನಿ ಬಡಿಸಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಚಟ್ನಿಯನ್ನು ನಮ್ಮಲ್ಲಿ ಸಣ್ಣ ಮಕ್ಕಳೂ ನೆಕ್ಕುತ್ತವೆ. ಹುಡುಗನ ತಂದೆ ಅದನ್ನು ನೋಡಿದರು. ಅವರ ಹಣೆಯ ಮೇಲೆ ಬೆವರು ಮೂಡಿತು.

“ಖಾರ ಜಾಸ್ತಿ ಆಯ್ತು,” ಎಂದರು.

“ಇನ್ನೂ ಮುಟ್ಟೇ ಇಲ್ವಲ್ಲಪ್ಪ,” ಎಂದ ಹುಡುಗ.

“ನೋಡಿದ್ರೆ ಗೊತ್ತಾಗಲ್ವೇನೋ?”

ನಾಲಿಗೆಗಿಂತ ಮೊದಲೇ ಕಣ್ಣು ರುಚಿ ನೋಡಿ ಸುದ್ದಿ ಮುಟ್ಟಿಸಿದೆ, ಹಣೆ ಅದನ್ನು ನಂಬಿಬಿಟ್ಟಿದೆ ಎಂದು ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಅವರು ಧೈರ್ಯ ಮಾಡಿ ಒಂದು ಚೂರು ಅದ್ದಿಕೊಂಡರು. ಅಗಿದರು. ಯಾರೋ ತಮಗೆ ಮೋಸ ಮಾಡಿದರೆಂಬಂತೆ ಸುತ್ತ ನೋಡಿ, ಬೆವರೊರೆಸಿಕೊಂಡು, ಇನ್ನಷ್ಟು ಚಟ್ನಿ ಕೇಳಿದರು.

ತಿಂಡಿ ಮುಗಿಯುವ ಹೊತ್ತಿಗೆ ಹುಡುಗನ ತಾಯಿ ಕರವಸ್ತ್ರವನ್ನು ಕೈಚೀಲದೊಳಗಿಟ್ಟರು.

“ಘಾಟು ಪೂರ್ತಿ ಹೋಯ್ತು. ಏನು ಮಾಡಿದ್ರಿ?”

“ಏನೂ ಮಾಡಿಲ್ರಿ,” ಎಂದೆ.

ಮಾತು ಗಟ್ಟಿಯಾದೊಡನೆ ಬಾಯಿ ಸಿಹಿ ಮಾಡಲು ಸಕ್ಕರೆ ತಟ್ಟೆ ತಂದಿಟ್ಟೆ. ತಮ್ಮ ನೆಟ್ಟಗೆ ಕುಳಿತು, “ಹಂಗಾರ, ನಮ್ಮ ಹುಡುಗೀನ ನಿಮ್ಮ ಮನಿಗೆ…” ಎನ್ನುವಷ್ಟರಲ್ಲಿ ಹುಡುಗನ ತಾಯಿ ಸೀನಿದರು. ಒಂದೇ ಒಂದು.

ಸಕ್ಕರೆಗೆಂದು ಚಾಚಿದ್ದ ಕೈಯನ್ನು ಅವರು ನಿಧಾನಕ್ಕೆ ಮಡಿಲಿಗೆಳೆದುಕೊಂಡರು.

“ಇರು, ಇನ್ನೊಂದು ಬಂದ್ಬಿಡುತ್ತೆ,” ಎಂದರು ಅವರ ಯಜಮಾನರು.

ನಾವೆಲ್ಲ ಆ ಮೂಗನ್ನೇ ನೋಡುತ್ತ ಕುಳಿತೆವು. ಮೂಗು ಒಮ್ಮೆ ಅರಳಿತು. ತಮ್ಮ ಅರ್ಧ ಎದ್ದ. ಮೂಗು ಮತ್ತೆ ಮೊದಲಿನಂತಾಯಿತು.

“ಬರ್ತಿಲ್ಲ,” ಎಂದರು ಅವರು. ಅವರಿಗೂ ಬೇಸರವಾದಂತೆ ಕಂಡಿತು.

ಬಾಗಿಲಲ್ಲಿದ್ದ ಹುಡುಗಿ ನನ್ನ ಸೆರಗು ಜಗ್ಗಿದಳು. “ಅತ್ತಿ, ಈಗ ಬರಂಗಿಲ್ಲ. ಮೂಗು ಸುಮ್ಮನಾಗೇತಿ. ನಾನ ಸುಮ್ಮನ ಮಾಡಿಸೇನಿ.”

ಅವಳ ಶಾಸ್ತ್ರ ಅಲ್ಲಿಗೆ ಮುಗಿಯಿತು. ನಾನು ಒಳಗೆ ಹೋಗಿ ಒಲೆಯ ಮೇಲೆ ಕಬ್ಬಿಣದ ಹಂಚಿಟ್ಟು, ಬ್ಯಾಡಗಿಗಿಂತ ಖಾರವಾದ ಗುಂಟೂರು ಕಾಯಿ ಒಂದು ಮುಷ್ಟಿ ತೆಗೆದು, ಎಣ್ಣೆಯಿಲ್ಲದೆ ಹುರಿದೆ. ಹೊಗೆ ಪಡಸಾಲೆಗೆ ಹೋಯಿತು. ಹುಡುಗನ ತಂದೆ ಕೆಮ್ಮಿದರು. ಎಷ್ಟೋ ವರ್ಷಗಳಾದ ಮೇಲೆ ತಮ್ಮ ಕೆಮ್ಮಿದ, ನಾನೂ ಕೆಮ್ಮಿದೆ. ಹುಡುಗ ನೀರು ತರಲು ಒಳಗೆ ಓಡಿದ. ಅವನ ತಾಯಿ ಕಣ್ಣೀರು ಸುರಿಸುತ್ತ ಕೆಮ್ಮಿದರು. ಸೀನಿದವರು ಯಾರೂ ಇಲ್ಲ.

“ಕೆಮ್ಮು ನಡೆಯುತ್ತೇನೇ?” ಎಂದು ತಂದೆ ಕೇಳಿದರು.

“ಕೆಮ್ಮಿಗೆ ಶಕುನ ಇಲ್ಲ.”

ಅಷ್ಟರಲ್ಲಿ ಹುಡುಗ ನೀರಿನ ತಂಬಿಗೆ ಹಿಡಿದು ಬಂದ. ಕೆಮ್ಮುತ್ತಿದ್ದ ತಾಯಿಯನ್ನು ದಾಟಿಕೊಂಡು ಹೋಗಿ, ಕೆಮ್ಮದೆ ನಿಂತಿದ್ದ ನಮ್ಮ ಹುಡುಗಿಯ ಕೈಗೆ ಕೊಟ್ಟ. ತಾನೇನು ಮಾಡಿದೆ ಎಂಬುದು ಅವನಿಗೆ ತಿಳಿದಂತಿರಲಿಲ್ಲ. ತಾಯಿ ನೋಡಿದರು. ಸ್ವಲ್ಪ ಹೊತ್ತು ಇಬ್ಬರನ್ನೂ ನೋಡುತ್ತಲೇ ಇದ್ದರು. ಆಮೇಲೆ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಮೂಗಿನೊಳಗೆ ಆಡಿಸಿದರು.

“ಏನೇ ಮಾಡ್ತಿದೀಯಾ?” ಎಂದರು ಯಜಮಾನರು.

ಉತ್ತರವಾಗಿ ಸೀನು ಬಂತು. ಸಕ್ಕರೆ ತಟ್ಟೆಯಿಂದ ಒಂದಿಷ್ಟು ಹಾರಿತು.

“ಜೋಡಿ ಆಯ್ತು,” ಎಂದರು.

“ಅದು ನೀನೇ ತರಿಸ್ಕೊಂಡಿದ್ದಲ್ವಾ?”

“ಬಂತೋ ಇಲ್ವೋ? ಹೆಂಗೆ ಬಂತು ಅಂತ ಯಾವ ಶಾಸ್ತ್ರದಲ್ಲೂ ಕೇಳಲ್ಲ. ನೀವು ಸುಮ್ನೆ ಸಕ್ಕರೆ ತಗೊಳ್ಳಿ.”

ತಾವೇ ಎದ್ದು ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರು. ಅವಳು ಅವರ ಕಾಲಿಗೆ ಬಗ್ಗಿದಾಗ ಬೆನ್ನ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ ಹೇಳಿದರು: “ನಮ್ಮದು ಒಂದೇ ಷರತ್ತು. ಮದುವೆ ಮಾತ್ರ ಮೈಸೂರಲ್ಲಿ.”

ನಮ್ಮ ಮನೆತನದಲ್ಲಿ ಮದುವೆಯನ್ನು ಹೆಣ್ಣಿನವರ ಊರಲ್ಲೇ ಮಾಡುವ ರೂಢಿ. ತಮ್ಮ ಅದನ್ನು ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲೇ ನಾನು, “ಆಗಲ್ರಿ,” ಎಂದೆ.