ರಾಜೀವಿಗಾಗಿ ಬರೆದ ಒಂದು ಸಾಲು

ನಾಯ್ಮಾರ್ಮೂಲೆಯಲ್ಲಿ ಪುರುಷೋತ್ತಮ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಕೇಬಲ್ ಪುರುಷಣ್ಣ ಎನ್ನಬೇಕು. ಇಪ್ಪತ್ತು ವರ್ಷದ ಹಿಂದೆ ತೆಂಗಿನ ಮರದಿಂದ ಮರಕ್ಕೆ ಟಿವಿಯ ವಯರು ಎಳೆದವನು ಈಗ ಅದೇ ದಾರಿಯಲ್ಲಿ ನಾನೂರು ಮನೆಗಳಿಗೆ ಇಂಟರ್ನೆಟ್ ಕೊಡುತ್ತಾನೆ. ಹತ್ತನೇ ಕ್ಲಾಸು ದಾಟದವನು ಲಿನಕ್ಸ್ ಎಂಬ ಕಂಪ್ಯೂಟರ್ ವಿದ್ಯೆ ಕಲಿತದ್ದು ಹಟದಿಂದ. ಗೊತ್ತಿಲ್ಲ ಎಂದು ಯಾರೆದುರೂ ಒಪ್ಪಿಕೊಳ್ಳದ ಹಟ. ಅರ್ಧ ವಿದ್ಯೆ ಅದರಿಂದ ಬಂತು, ಉಳಿದರ್ಧ ತಪ್ಪು ಮಾಡಿ ಮಾಡಿ ಬಂತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ನಾನೂರು ಮನೆಗಳ ಸಿನಿಮಾ, ಪಾಠ, ಜಗಳ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಸಣ್ಣ ಚೂರುಗಳಾಗಿ ಅದರೊಳಗೆ ಬಂದು ಬೀಳುತ್ತವೆ. ಯಾವುದು ಯಾರ ಮನೆಗೆ ಎಂದು ನೋಡಿ ದಾಟಿಸುವುದು ಕರ್ನೆಲ್‌ನ ಕೆಲಸ. ಯಂತ್ರದೊಳಗಿನ ಯಜಮಾನ ಅದು. ಆ ಯಜಮಾನನಿಗೆ ಪುರುಷೋತ್ತಮ ಗುಟ್ಟಾಗಿ ಒಂದು ಸಾಲು ಬರೆದುಕೊಟ್ಟಿದ್ದ: ರಾಜೀವಿಯ ಮನೆಯ ಪ್ಯಾಕೆಟ್ ಬಂದರೆ ಗುರುತು ಹಾಕು, ಗುರುತು ಇದ್ದದ್ದನ್ನು ಎಲ್ಲರಿಗಿಂತ ಮೊದಲು ಬಿಡು. ನ್ಯಾಯವಲ್ಲ, ನಿಜ. ಆದರೆ ತಂಗಿಯ ವಿಷಯದಲ್ಲಿ ನ್ಯಾಯ ನೋಡುವವನು ಅಣ್ಣನೇ ಅಲ್ಲ.

ರಾಜೀವಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಇಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಗಂಡ ಮನೀಶನೂ ಅವಳ ಹಾಗೆಯೇ. ಶಾರ್ಜಾದ ಲಾಂಡ್ರಿಯಲ್ಲಿ ಕೆಲಸ. ದಿನಾ ಸಂಜೆ ಫೋನಿನ ಪರದೆಯಲ್ಲಿ ಇಬ್ಬರ ಕೈಗಳೂ ಮಾತಾಡುತ್ತಿದ್ದವು. ನಮಗಾದರೆ ಚಿತ್ರ ನಿಂತರೂ ಸ್ವರವಾದರೂ ಕೇಳುತ್ತದೆ. ಅವರಿಗೆ ಚಿತ್ರ ನಿಂತರೆ ಮಾತೇ ನಿಂತ ಹಾಗೆ.

ಮನೆಗಳು ಹೆಚ್ಚಾದ ಹಾಗೆ ಸಂಜೆ ಹೊತ್ತಿಗೆ ಯಂತ್ರ ಏದುಸಿರು ಬಿಡತೊಡಗಿತು. "ಎಂತ ಪುರುಷಣ್ಣ, ನಿಮ್ಮ ನೆಟ್ ದೀಪ ಹಚ್ಚುವ ಹೊತ್ತಿಗೇ ಮಲಗುದಾ?" ಎಂದು ಶ್ರೀರಂಜಿನಿ ಟೀಚರ್ ಫೋನ್ ಮಾಡಿ ಕುಟುಕಿದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಓದಿ, ಕೆದಕಿ, ಕರ್ನೆಲ್‌ನಲ್ಲೇ ಒಂದು ಒಳದಾರಿ ಇರುವುದನ್ನು ಕಂಡುಹಿಡಿದ. ಜೊತೆಗೆ ಕೆಲಸ ಮಾಡುವ ಸುಜನ್‌ನನ್ನು ಕೂರಿಸಿ ವಿವರಿಸಿದ:

"ನೋಡು ಮಾರಾಯ, ಚೆಕ್‌ಪೋಸ್ಟಿನಲ್ಲಿ ಮದುವೆ ದಿಬ್ಬಣದ ಮೊದಲನೇ ಬಸ್ಸನ್ನು ನಿಲ್ಲಿಸಿ ಕೇಳ್ತಾರೆ. ಹಿಂದಿನದ್ದನ್ನೆಲ್ಲ ಅದೇ ದಿಬ್ಬಣ ಅಂತ ಬಿಟ್ಟುಬಿಡುದು. ಇಲ್ಲಿಯೂ ಹಾಗೆಯೇ. ಒಂದೊಂದು ಕರೆಯದ್ದು, ಸಿನಿಮಾದ್ದು ಮೊದಲ ಎರಡು ಪ್ಯಾಕೆಟ್ ನೋಡಿದರೆ ಸಾಕು, ಉಳಿದದ್ದು ತಪಾಸಣೆ ಇಲ್ಲದೆ ಸೀದಾ."

"ನೋಡದೆ ಬಿಟ್ಟರೆ ತೊಂದರೆ ಎಂತದೂ ಇಲ್ವಾ?"

"ನಿನಗೆ ಎಲ್ಲದಕ್ಕೂ ಸಂಶಯ."

ಒಳದಾರಿ ತೆರೆದ ದಿನ ಯಂತ್ರದ ಮೇಲಿನ ಭಾರ ಶೇಕಡಾ ತೊಂಬತ್ತರಿಂದ ಇಪ್ಪತ್ತೈದಕ್ಕೆ ಇಳಿಯಿತು. ಊರೆಲ್ಲ ಹೊಗಳಿತು. ಟೀಚರೂ ಹೊಗಳಿದರು. ಪುರುಷೋತ್ತಮ ಒಂದು ವಾರ ಎದೆಯುಬ್ಬಿಸಿಕೊಂಡೇ ನಡೆದ. ತಂಗಿಗಾಗಿ ಬರೆದ ಸಾಲು ಇರುವುದು ಆ ತಪಾಸಣೆಯ ಜಾಗದಲ್ಲೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಸಾಲು ಅಲ್ಲೇ ಇತ್ತು. ಅದರ ಮುಂದೆ ಹಾದುಹೋಗುವವರೇ ಇರಲಿಲ್ಲ.

ಆ ಭಾನುವಾರ ಸಂಜೆ ಕ್ರಿಕೆಟ್ ಫೈನಲ್. ನಾನೂರು ಮನೆಯವರೂ ಒಟ್ಟಿಗೆ ನೋಡಿದರು. ಯಂತ್ರ ದಣಿಯಲಿಲ್ಲ, ಬಂದದ್ದನ್ನೆಲ್ಲ ದಾಟಿಸಿತು. ಆದರೆ ಮನೆಗಳ ಕಡೆ ಹೋಗುವ ಲೈನು ಮೊದಲಿನಷ್ಟೇ ಅಗಲ, ಅದು ತುಂಬಿಹೋಯಿತು. ಅದೇ ಹೊತ್ತಿಗೆ ಮನೀಶ ಶಾರ್ಜಾದ ಆಸ್ಪತ್ರೆಯ ಮಂಚದಿಂದ ರಾಜೀವಿಗೆ ಕರೆ ಮಾಡಿದ. ಎದೆನೋವು, ತುರ್ತು ಆಪರೇಷನ್. ಅವನು ಕೈ ಎತ್ತಿದ, ಚಿತ್ರ ನಿಂತಿತು. ಏಳು ನಿಮಿಷ ಅವಳು ಆ ನಿಂತ ಕೈಯನ್ನು ನೋಡುತ್ತ ಕುಳಿತಳು. ಆಮೇಲೆ ಕರೆ ಕಡಿಯಿತು. ಮನೀಶ ಆಪರೇಷನ್ನಿನಿಂದ ಎದ್ದು ಬರಲಿಲ್ಲ.

ಮನೀಶನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ರಾಜೀವಿ ಅಂಗಡಿಗೆ ಬಂದಳು. ನಿಂತ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡಿದ್ದಳು. ಎದೆಯ ಮಟ್ಟಕ್ಕೆ ಎತ್ತಿದ ಬಲಗೈ, ಮಂಜಾದ ಬೆರಳುಗಳು. ಕಿವುಡರ ಶಾಲೆಯ ಹಳೆಯ ಗೆಳತಿಯರಿಗೆಲ್ಲ ಕಳಿಸಿ ಕೇಳಿದ್ದಳಂತೆ. ಒಬ್ಬಳು 'ಹೆದರಬೇಡ' ಇರಬಹುದು ಎಂದಳು. ಒಬ್ಬಳು 'ನೋವು' ಎಂದಳು. ಇನ್ನೊಬ್ಬಳು, ಇದು ಮಾತಿನ ಮೊದಲು, ಇದರಿಂದ ಯಾವ ಮಾತೂ ಶುರುವಾಗಬಹುದು ಎಂದಳು.

"ಅಲ್ಲಿಯ ಆಸ್ಪತ್ರೆಯ ವೈಫೈ ಸರಿ ಇರ್ಲಿಕ್ಕಿಲ್ಲ," ಎಂದ ಸುಜನ್, ಹೊರಗೆ ಏಣಿ ಎತ್ತಿಕೊಳ್ಳುತ್ತ. ಮನೆಯವರೆಲ್ಲ ನಂಬಿದ್ದೂ ಅದನ್ನೇ.

ಪುರುಷೋತ್ತಮ ಒಳಗೆ ಹೋಗಿ ನೋಡಿದ. ಯಾವ ಸಾಲನ್ನು ಎಷ್ಟು ಪ್ಯಾಕೆಟ್ ದಾಟಿದವು ಎಂದು ಯಂತ್ರ ಎಣಿಸಿಡುತ್ತದೆ. ರಾಜೀವಿಯ ಸಾಲಿನೆದುರು ದಿನಕ್ಕೆ ಲಕ್ಷಗಟ್ಟಲೆ ಇದ್ದದ್ದು, ಒಳದಾರಿ ತೆರೆದ ದಿನದಿಂದ ಹತ್ತು, ಹನ್ನೆರಡು. ಸರಿಮಾಡಲು ಇನ್ನೊಂದು ಸಾಲು ಸಾಕಿತ್ತು, ತಂಗಿಯ ಮನೆಯದ್ದನ್ನು ಒಳದಾರಿಗೆ ಬಿಡಬೇಡ ಎಂದು. ಬರೆಯಲು ಕುಳಿತವನು ನಿಲ್ಲಿಸಿದ. ಇನ್ನು ಅವಳಿಗೆ ಕರೆ ಮಾಡುವವರು ಯಾರು?

ಸುಮ್ಮನಿದ್ದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಸುಮ್ಮನಿರಲಾಗಲಿಲ್ಲ. ತಂಗಿಯನ್ನು ಒಳಗೆ ಕರೆದು, ಬರುವಷ್ಟು ಕೈಭಾಷೆಯಲ್ಲಿ ಎಲ್ಲ ಹೇಳಿದ. ತಪ್ಪು ಶಾರ್ಜಾದ್ದಲ್ಲ, ನನ್ನದು.

ರಾಜೀವಿ ಯಂತ್ರವನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ಯಂತ್ರವನ್ನು ತೋರಿಸಿ ಕೇಳಿದಳು: ಹಾಗಾದರೆ ಅವರು ಹೇಳಿದ್ದರಲ್ಲಿ ಉಳಿದದ್ದು ಇಲ್ಲಿಯವರೆಗೆ ಬಂದಿತ್ತಲ್ಲ, ತೆಗೆದುಕೊಡು.

ಅವನು ಇಲ್ಲವೆಂದು ತಲೆಯಾಡಿಸಿದ. ಲೈನು ತುಂಬಿದರೆ ಇದು ಬಿಸಾಡುತ್ತದೆ, ಬಿಸಾಡಿದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂದು ತೋರಿಸಿದ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ತಪ್ಪಾಯಿತು, ತಪ್ಪಾಯಿತು ಎಂದು ಕೈಯಾಡಿಸುತ್ತಲೇ ಇದ್ದ. ರಾಜೀವಿ ಅವನ ಎರಡೂ ಕೈಗಳನ್ನು ಹಿಡಿದು ಮೇಜಿಗೆ ಒತ್ತಿದಳು. ಅವಳ ಭಾಷೆಯಲ್ಲಿ ಅದು ಬಾಯಿ ಮುಚ್ಚಿಸಿದ ಹಾಗೆ. ಒತ್ತಿ ಹಿಡಿದೇ ಅತ್ತಳು.

ಹೊರಗಿನಿಂದ ಯಾರೋ "ಪುರುಷಣ್ಣ, ನೆಟ್ ಈಗ ಭಾರೀ ಫಾಸ್ಟ್ ಉಂಟು!" ಎಂದು ಕೂಗಿ ಹೋದರು. ಕೇಳಿಸಿದ್ದು ಅವನೊಬ್ಬನಿಗೇ.