ಅಟ್ಟದ ಕಿಟಕಿ

ಹೋದ ತಿಂಗಳು ತಿಪಟೂರಿನ ಹೆದ್ದಾರಿ ಪಕ್ಕ ಎಳನೀರು ಕುಡಿಯುತ್ತ ನಿಂತಿದ್ದೆ. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾದ ಕೆಂಪು ಸ್ಪೋರ್ಟ್ಸ್ ಕಾರೊಂದು ಗುಡುಗುತ್ತ ಹಾದುಹೋಯಿತು. ಎಲ್ಲರೂ ಮೊಬೈಲ್ ಎತ್ತಿದರು, ನಾನು ಮಾತ್ರ ಮೂಗು ಎತ್ತಿದೆ. ಪೆಟ್ರೋಲಿನ ವಾಸನೆ ಬರಲಿಲ್ಲ. ಬಂದದ್ದು ತೆಂಗಿನ ಚಿಪ್ಪು ಸುಟ್ಟ ಹೊಗೆಯ ವಾಸನೆ, ಅದರ ಬೆನ್ನಿಗೇ ಅತ್ತಿಗೆಯ ಕೆಮ್ಮು. ಅತ್ತಿಗೆ ತೀರಿಹೋಗಿ ಮೂರು ವರ್ಷವಾಯಿತು. ನನ್ನ ಇದ್ದಿಲ ಗುಂಡಿಗಳನ್ನು ಮುಚ್ಚಿಯೂ ಅಷ್ಟೇ ಆಯಿತು. ಆದರೂ ಎರಡೂ ನನ್ನನ್ನು ಬಿಟ್ಟಿಲ್ಲ.

ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಹಿಂದೆಲ್ಲ ನೀರೊಲೆಗೆ ಹಾಕುತ್ತಿದ್ದೆವು. ನಾನು ತೋಟದ ಅಂಚಿನಲ್ಲಿ ನಾಲ್ಕು ಗುಂಡಿ ತೋಡಿಸಿ, ಚಿಪ್ಪು ಸುಟ್ಟು ಇದ್ದಿಲು ಮಾಡತೊಡಗಿದೆ. ಅದನ್ನು ಕೊಳ್ಳುವ ಕಾರ್ಖಾನೆಯವರು ಒಂದು ದಿನ ಮೊಬೈಲಿನಲ್ಲಿ ಅಂಥದ್ದೇ ಕಾರು ತೋರಿಸಿದರು. ಅದು ಸುಮ್ಮನೆ ನಿಂತಿದ್ದರೂ ಟ್ಯಾಂಕಿನ ಪೆಟ್ರೋಲು ಆವಿಯಾಗಿ ಗಾಳಿ ಕೆಡಿಸುತ್ತದಂತೆ. ಆ ಆವಿಯನ್ನು ಹೀರಿ ಹಿಡಿದಿಡಲು ಒಳಗೊಂದು ಡಬ್ಬಿ, ಡಬ್ಬಿಯ ತುಂಬ ಹದ ಮಾಡಿದ ಚಿಪ್ಪಿನ ಇದ್ದಿಲು. ನಾನು ಉಬ್ಬಿಹೋದೆ. ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅತ್ತಿಗೆ ಮಾತ್ರ, "ಅಲ್ಲಿ ಗಾಳಿ ತೊಳ್ದು ಕೊಳೆ ಇಲ್ಲಿ ಸುರೀತೀಯಲ್ಲಪ್ಪ," ಎಂದು ನಕ್ಕರು. ನಾನೂ ನಕ್ಕೆ.

ಅಣ್ಣ ಹೋದ ಮೇಲೆ ತಮ್ಮ ಪಾಲಿನ ತೋಟವನ್ನು ತಾವೇ ನಿಂತು ನೋಡಿಕೊಂಡ ಗಟ್ಟಿಗಿತ್ತಿ ಅವರು. ಅವರ ಮನೆ ನನ್ನ ಗುಂಡಿಗಳಿಗೆ ಕೂಗಳತೆಯಲ್ಲಿತ್ತು. ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಿಸುತ್ತೇವೆ. ಕೆಳಗಿನ ಒಲೆಯ ಹೊಗೆ ಮೇಲೇರಲೆಂದು ಅಟ್ಟದ ದಬ್ಬೆಗಳ ನಡುವೆ ಸಂದಿ ಬಿಟ್ಟಿರುತ್ತಾರೆ. ಹೊಗೆ ಆಡಿದರೆ ಕಾಯಿಗೆ ಹುಳ ಬೀಳುವುದಿಲ್ಲ ಎನ್ನುವುದು ನಮ್ಮವರೆಲ್ಲರ ನಂಬಿಕೆ. ಅತ್ತಿಗೆಯ ಮನೆಗೆ ಗ್ಯಾಸ್ ಬಂದು ಒಲೆ ಆರಿಹೋಗಿತ್ತು. ಕಾಯಿಗೆ ಹೊಗೆಯೇ ಇಲ್ಲವಲ್ಲ ಎಂದು ಅವರಿಗೆ ಒಂದೇ ಯೋಚನೆ. ನಾನೇ ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದೆ:

"ಗುಂಡಿ ಕಡೆ ಅಟ್ಟದ ಕಿಟಕಿ ತೆಗ್ದಿಡಿ. ಪುಕ್ಸಟ್ಟೆ ಹೊಗೆ. ಕಾಯಿಗೆ ಒಳ್ಳೇದು ಕಣತ್ಗೆ."

ಅವರು ಅಂದೇ ತೆಗೆದರು. ಒಲೆಯ ಹೊಗೆ ಬೇರೆ, ಗುಂಡಿಯ ಹೊಗೆ ಬೇರೆ. ಗುಂಡಿಯದು ಹಳದಿ ಬೆರೆತ ದಪ್ಪ ಹೊಗೆ, ಗಂಟಲಿಗೆ ಜಿಡ್ಡಿನಂತೆ ಅಂಟುತ್ತದೆ. ದಿನಾ ಅದರ ಪಕ್ಕದಲ್ಲೇ ನಿಲ್ಲುತ್ತಿದ್ದ ನನಗೆ ಇದು ಗೊತ್ತಿರಲಿಲ್ಲವೆಂದರೆ ಯಾರೂ ನಂಬಬಾರದು. ಮೇಲೇರಲೆಂದು ಬಿಟ್ಟ ಸಂದಿಗಳಿಂದಲೇ ಆ ಹೊಗೆ ಕೆಳಗೆ ಅವರು ಮಲಗುವ ಕೋಣೆಗೆ ಇಳಿಯುತ್ತಿತ್ತು.

ಎರಡನೇ ವರ್ಷ ಕೆಮ್ಮು ಶುರುವಾಯಿತು. ತಿಪಟೂರಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. "ಸೌದೆ ಒಲೆನಾ ಅಮ್ಮ?" ಎಂದು ಅವರು ಕೇಳಿದರು. "ಇಲ್ಲ ಸಾ, ಗ್ಯಾಸು," ಎಂದರು ಅತ್ತಿಗೆ. "ಹೊಗೆ ಇರೋ ಕಡೆ ಸುಳೀಬೇಡಿ," ಎಂದು ಡಾಕ್ಟರು ಚೀಟಿ ಬರೆದರು. ನಾನು ಚೀಟಿ ಇಸಿದುಕೊಂಡು ಮಾತ್ರೆ ತರಲು ಎದ್ದೆ. ಬಸ್ಸಿನಲ್ಲಿ ಬರುವಾಗ ಇಬ್ಬರೂ ಹೊಗೆಯ ಮಾತೆತ್ತಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಕಾರ್ಖಾನೆಯವರು ಒಂದು ಕಾಗದ ತಂದರು. ಕಾರು ಮಾಡುವವರು ಈಗ ಬುಡದಿಂದಲೇ ಎಲ್ಲ ಚೊಕ್ಕಟವಾಗಿರಬೇಕು ಎನ್ನುತ್ತಿದ್ದಾರೆ, ಚಿಪ್ಪು ಸುಡುವ ಜಾಗವನ್ನೂ ವಿಚಾರಿಸುತ್ತಾರೆ ಎಂದರು. ಹೊಗೆಯನ್ನೂ ಒಳಗೇ ಉರಿಸಿಬಿಡುವ ಮುಚ್ಚಿದ ಭಟ್ಟಿ ಹಾಕಿಸಿ, ಇಲ್ಲವೇ ಈ ಕಾಗದಕ್ಕೆ ಹತ್ತಿರದ ಮನೆಯವರ ರುಜು ತನ್ನಿ ಎಂದರು. ಭಟ್ಟಿ ಹಾಕಿಸುವಷ್ಟು ದಿನ ಕೆಲಸ ನಿಲ್ಲಿಸಬೇಕಿತ್ತು. ನಾನು ಕಾಗದ ಹಿಡಿದುಕೊಂಡು ಅತ್ತಿಗೆಯ ಮನೆಗೆ ಹೋದೆ.

ಅತ್ತಿಗೆ ಜಗಲಿಯ ಮೇಲೆ ಕೂತು, ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯಾ ಎಂದು ಕೇಳಿಸಿಕೊಳ್ಳುತ್ತಿದ್ದರು. ಕೆಮ್ಮು ಬಂದಾಗ ನಿಲ್ಲಿಸಿ, ಮತ್ತೆ ಅಲ್ಲಾಡಿಸುತ್ತಿದ್ದರು. ಕಾಗದ ಓದಿದರು. 'ಈ ಹೊಗೆಯಿಂದ ನಮಗೆ ಯಾವ ತೊಂದರೆಯೂ ಇಲ್ಲ' ಎನ್ನುವ ಸಾಲಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ರುಜು ಹಾಕ್ತೀನಿ ಕಣಪ್ಪ. ನಿನ್ ಕೆಲ್ಸ ನಿಲ್ಲೋದು ಬ್ಯಾಡ. ಆದ್ರೆ ಒಂದ್ ಮಾತು ನಿಜ ಹೇಳ್ಬುಡು. ಅಟ್ಟದ ಕಿಟಕಿ ಮುಚ್ಲಾ?"

ಮುಚ್ಚಿ ಎಂದರೆ ಕಾಗದದಲ್ಲಿದ್ದದ್ದು ಸುಳ್ಳಾಗುತ್ತಿತ್ತು. ಅದನ್ನು ತೆಗೆಸಿ ತಪ್ಪು ಮಾಡಿದವನು ನಾನೇ ಎಂದೂ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅತ್ತಿಗೆ ಪೆನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು.

"ಯಾಕತ್ಗೆ, ಇರ್ಲಿ ಬುಡಿ," ಎಂದೆ. "ಕಾಯಿಗೆ ಒಳ್ಳೇದಲ್ವಾ?"

"ನೀನ್ ಹೇಳಿದ್ಮೇಲಾಯ್ತು," ಎಂದು ರುಜು ಹಾಕಿದರು.

ಅದೇ ವರ್ಷ ಕಾರ್ತೀಕದಲ್ಲಿ ಅತ್ತಿಗೆ ತೀರಿಹೋದರು. ಮಣ್ಣು ಮಾಡಿ ಬಂದವನು, ಯಾರೂ ನೋಡುವ ಮೊದಲು ಕಿಟಕಿ ಮುಚ್ಚಿಬಿಡಬೇಕೆಂದು ಏಣಿ ಹಾಕಿ ಅಟ್ಟ ಹತ್ತಿದೆ. ಎಳೆದರೆ ಕಿಟಕಿಯ ಬಾಗಿಲು ಬರಲಿಲ್ಲ. ಗಾಳಿಗೆ ಎಲ್ಲಿ ಮುಚ್ಚಿಕೊಳ್ಳುತ್ತದೋ ಎಂದು ಅತ್ತಿಗೆ ತಮ್ಮ ಹಳೆಯ ಸೀರೆಯ ಅಂಚು ಹರಿದು, ಅದರಿಂದ ಬಾಗಿಲನ್ನು ಗೋಡೆಯ ಮೊಳೆಗೆ ಬಿಗಿಯಾಗಿ ಕಟ್ಟಿಟ್ಟಿದ್ದರು.